ಅಕ್ಕನ ದನಿ, ಭಾವನ ಡಬ್ಬಿ

ನಮ್ಮ ಭಾವ ಈವರೆಗೆ ಯಾರನ್ನೂ ಕೊಂದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಮುಂದಿನದನ್ನು ಓದಿ ನೀವು ಬೇರೆಯದೇ ತೀರ್ಮಾನಕ್ಕೆ ಬರುವ ಸಂಭವವಿದೆ. ಅವರು ಇರುವೆಯ ಸಾಲನ್ನು ದಾಟಿ ಕಾಲಿಡುವವರು. ಏಕಾದಶಿ ತಪ್ಪಿಸಿದವರಲ್ಲ. ಯಾರೊಂದಿಗೂ ದನಿಯೇರಿಸಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಆದರೂ ಬಳ್ಳಾರಿಯ ಸತ್ಯನಾರಾಯಣಪೇಟೆಯ ಅವರ ಮನೆಯ ಮೆಟ್ಟಿಲು ಹತ್ತುವಾಗ ನನ್ನ ಎದೆ ಹೊಡೆದುಕೊಳ್ಳುತ್ತದೆ. ಇಂಥ ಸಾಧು ಪ್ರಾಣಿಗೆ ಯಾರಾದರೂ ಹೆದರುತ್ತಾರೆಯೇ? ನಾನು ಹೆದರುತ್ತೇನೆ!

ನಾನು ಹುಟ್ಟು ಅಂಜುಬುರುಕ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಕುರುಗೋಡಿನ ಶಾಲೆಯೊಂದರಲ್ಲಿ ಮೇಷ್ಟ್ರು ನಾನು. ಪಟಾಕಿಗೆ ಹೆದರುತ್ತೇನೆ, ನಾಯಿಗೆ ಹೆದರುತ್ತೇನೆ, ತಪಾಸಣೆಗೆ ಬರುವ ಸಾಹೇಬರಿಗಂತೂ ಇವೆರಡಕ್ಕಿಂತ ಹೆಚ್ಚು ಹೆದರುತ್ತೇನೆ. ಆದರೆ ಅವೆಲ್ಲ ಬಂದು ಹೋಗುವ ಭಯಗಳು. ಭಾವನ ಭಯ ಮಾತ್ರ ಮನೆಮಾಡಿಕೊಂಡು ಕೂತದ್ದು.

ಕಾರಣ ಅವರ ಹವ್ಯಾಸ. ನೌಕರಿಯಿಂದ ನಿವೃತ್ತರಾದವರು ಏನು ಮಾಡುತ್ತಾರೆ? ಗುಡ್ಡದ ಕಡೆ ನಡೆಯುತ್ತಾರೆ, ಸಕ್ಕರೆ ರೋಗದ ಬಗ್ಗೆ ಮಾತಾಡುತ್ತಾರೆ. ದೂರವಾಣಿ ಇಲಾಖೆಯಲ್ಲಿ ಇಡೀ ಆಯುಷ್ಯ ತಂತಿ ಜೋಡಿಸಿದ ನಮ್ಮ ಭಾವ ಸತ್ತ ಕಂಪ್ಯೂಟರುಗಳನ್ನು ಎಬ್ಬಿಸುತ್ತಾರೆ. ಹೊಸದನ್ನು ಅವರು ಮುಟ್ಟುವುದಿಲ್ಲ. "ಹೊಸಾದ್ರಾಗ ಏನೈತಲೇ? ಅದು ತಾನ ನಡೀತೈತಿ!" ಎಂದು ಮುಖ ಸಿಂಡರಿಸುತ್ತಾರೆ. ಬೇರೆಯವರು ಗುಜರಿಗೆ ಹಾಕಲು ತೆಗೆದಿಟ್ಟದ್ದೇ ಆಗಬೇಕು.

ಅವರು ನನಗೆ ತಿಳಿಸಿ ಹೇಳಿದ್ದನ್ನು ನಿಮಗೆ ಹೇಳುತ್ತೇನೆ. ಕಂಪ್ಯೂಟರಿನ ಒಳಗೆ ಕರ್ನೆಲ್ ಎಂಬುದೊಂದು ಇರುತ್ತದಂತೆ. ದೊಡ್ಡ ಮನೆಯ ಯಜಮಾನಿ ಇದ್ದ ಹಾಗೆ. ಯಾರಿಗೆ ಎಷ್ಟು ಬಡಿಸಬೇಕು, ಯಾರು ಮೊದಲು ಬಚ್ಚಲಿಗೆ ಹೋಗಬೇಕು, ಯಾರು ಕಾಯಬೇಕು, ಎಲ್ಲ ಅದರ ಅಪ್ಪಣೆ. ಈ ಯಜಮಾನಿ ಲೋಕದ ಎಲ್ಲ ಮನೆಗಳಿಗೂ ಹೊಂದಲಿ ಎಂದು ಅವಳ ಸೆರಗಿಗೆ ಸಾವಿರಾರು ಬೀಗದ ಕೈ ಕಟ್ಟಿ ಕಳಿಸಿರುತ್ತಾರೆ. ಹಳೆಯ ಯಂತ್ರಕ್ಕೆ ಆ ಭಾರ ತಡೆಯುವುದಿಲ್ಲ. ಅದಕ್ಕೆ, ಕರ್ನೆಲನ್ನು ಹೊಸದಾಗಿ ಕಟ್ಟುವ ಮುಂಚೆ ಕೂತು ಒಂದೊಂದೇ ಪ್ರಶ್ನೆಗೆ ಉತ್ತರಿಸಬೇಕು. ಈ ಜಾತಿಯ ಡಿಸ್ಕು ಬೇಕೋ ಬೇಡವೋ? ಈ ಜಾತಿಯ ಮೌಸು? ಕಂಪ್ಯೂಟರ್ ಆಟ ಆಡುವ ಕೋಲು? ಅಮೆರಿಕದಲ್ಲಿ ಯಾರೋ ಎಂದೋ ಮಾಡಿ ನಿಲ್ಲಿಸಿದ ಟೇಪು ಯಂತ್ರ? ಉತ್ತರ ಮೂರೇ ಬಗೆ. ಬೇಕು. ಬೇಡ. ಇಲ್ಲವೇ ಮಾಡ್ಯೂಲು. ಮಾಡ್ಯೂಲು ಎಂದರೆ ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ, ಹೊರಗೆ ಜಗುಲಿಯ ಮೇಲೆ ಕೂತಿರಲಿ, ಬೇಕಾದಾಗ ಕರೆದರಾಯಿತು.

ಈ ಬೇಕು-ಬೇಡದ ರೋಗ ಕಂಪ್ಯೂಟರಿನಲ್ಲೇ ನಿಂತಿದ್ದರೆ ಚಿಂತೆ ಇರಲಿಲ್ಲ. ಅದು ಮನೆಗೆ ಹಬ್ಬಿತು. ಮೊದಲು ಹೋದದ್ದು ಬಾಗಿಲ ಕರೆಗಂಟೆ. "ನಮ್ಮನಿಗೆ ಬರೋರು ಯಾರು ಗಂಟಿ ಒತ್ತತಾರ? ಎಲ್ಲಾರೂ ಬೀದಿಯಿಂದನ ಒದರ್ತಾರ. ಬ್ಯಾಡ." ಆಮೇಲೆ ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು. "ಇಲ್ಲಿ ಯಾರಿಗೆ ಅಷ್ಟು ಅವಸರ ಐತಿ?" ಆಮೇಲೆ ಕುರ್ಚಿಗಳ ಕೈಗಳು. ಒಂದು ದಿನ ನನ್ನನ್ನು ಆ ಕೈಯಿಲ್ಲದ ಕುರ್ಚಿಯಲ್ಲಿ ಕೂರಿಸಿ ನನ್ನ ಮೀಸೆಯನ್ನು ಬಹಳ ಹೊತ್ತು ದಿಟ್ಟಿಸಿದರು. ಅವರ ಕೈಯಲ್ಲಿ ತಂತಿ ಕತ್ತರಿಸುವ ಕತ್ತರಿ ಇತ್ತು. ನಾನು ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ಆಗ ಅಡುಗೆಮನೆಯಿಂದ ಅಕ್ಕನ ದನಿ ಬಂತು. "ಲೇ ತಮ್ಮಾ, ಓಡಬ್ಯಾಡಲೇ! ಮೊನ್ನಿ ನನ್ನೂ ಹಿಂಗ ನೋಡಿದ್ರು. 'ಬೇಕೋ ಬ್ಯಾಡೋ ಅಂತ ಕೇಳ್ರಿ ನೋಡೂಣು' ಅಂದೆ. ಬಾಯಿ ಮುಚ್ಕೊಂಡು ಹೋಗಿ ಸ್ನಾನಾ ಮಾಡಿದ್ರು!"

"ಇವನು ಮಾಡ್ಯೂಲಲೇ," ಎಂದರು ಭಾವ ನನ್ನನ್ನು ತೋರಿಸಿ, ತುಂಬ ಪ್ರೀತಿಯಿಂದ. "ಕರದಾಗ ಬರ್ತಾನ. ಕೆಲಸಾದ ಮ್ಯಾಲೆ ಇಳಿಸಿಬಿಡ್ತೀನಿ."

ಅಕ್ಕನ ದನಿಯ ಬಗ್ಗೆ ಹೇಳಬೇಕು. ಅದು ಸಾಮಾನ್ಯ ದನಿಯಲ್ಲ. ಅವಳು ಹಿತ್ತಲಲ್ಲಿ ನಿಂತು ನನ್ನನ್ನು ಕೂಗಿದರೆ ಬೀದಿ ತಿರುವಿನ ಕಿರಾಣಿ ಅಂಗಡಿಯವನು "ಬಂದೆ ಅಕ್ಕೋರೇ" ಎಂದು ಓಗೊಡುತ್ತಿದ್ದ. ಭಾವ ಆ ಮನೆಯ ಯಾವ ಮೂಲೆಯಲ್ಲಿದ್ದರೂ, ಯಾವ ಯಂತ್ರದ ಹೊಟ್ಟೆಯೊಳಗೆ ತಲೆ ಹಾಕಿದ್ದರೂ, ತಲೆಯೆತ್ತದೆಯೇ ಸಂಸಾರ ನಡೆಸಬಹುದಾಗಿತ್ತು. ದನಿಯೇ ಅವರನ್ನು ಊಟಕ್ಕೆ ಎಬ್ಬಿಸುತ್ತಿತ್ತು, ಬೈಯುತ್ತಿತ್ತು, ಔಷಧ ನೆನಪಿಸುತ್ತಿತ್ತು.

ಭಾವನ ಜೊತೆ ನಾನು ಮಾಡಿದ ಪ್ರಯಾಣಗಳ ಕಥೆ ಒಂದನ್ನು ಹೇಳಿ ಮುಂದೆ ಹೋಗುತ್ತೇನೆ. ಕುರುಗೋಡಿನಲ್ಲಿ ಟೈಪಿಂಗ್ ಕಲಿಸುವವರೊಬ್ಬರು ಅಂಗಡಿ ಮುಚ್ಚಿದರು. ಅವರ ದಪ್ಪ ಹಿಂಭಾಗದ ಹಳೆಯ ಮಾನಿಟರನ್ನು ಭಾವ ಬಸ್ಸಿನಲ್ಲಿ ಬಳ್ಳಾರಿಗೆ ತರಬೇಕೆಂದರು. ಕೂರಿಸಿದ್ದು ನನ್ನ ತೊಡೆಯ ಮೇಲೆ. "ಅಲ್ಲಾಡಬ್ಯಾಡ. ಒಳಗ ಗಾಳಿ ಇಲ್ಲ, ಗಾಜು ಒಡದ್ರ ಒಳಕ್ಕ ಸಿಡೀತೈತಿ," ಎಂದು ಕಿವಿಯಲ್ಲಿ ಹೇಳಿದರು. ಇದನ್ನು ಬಸ್ಸು ಹತ್ತುವ ಮೊದಲು ಹೇಳಬಾರದೇ?

ಕಂಡಕ್ಟರ್ ಬಂದ. "ಸಾರ್, ಇದಕ್ಕೂ ಟಿಕೇಟ್ ತಗಸ್ರಿ."

"ಇದು ಸತ್ತೈತ್ರಿ," ಎಂದರು ಭಾವ.

"ಹೆಣಾ ಒಯ್ಯಾಕ ಬ್ಯಾರೆ ಗಾಡಿ ಐತ್ರಿ ಸಾರ್!"

ಇಡೀ ಬಸ್ಸು ನಕ್ಕಿತು. ನಾನು ನಗಲಿಲ್ಲ. ರಸ್ತೆಯ ಪ್ರತಿ ಗುಂಡಿಗೂ ಕಣ್ಣು ಮುಚ್ಚಿ, ಬಸವೇಶ್ವರನನ್ನು ಮನಸ್ಸಿನಲ್ಲೇ ಕರೆಯುತ್ತ ಊರು ಸೇರಿದೆ. ಮನೆಯಲ್ಲಿ ಅದಕ್ಕೆ ವಿದ್ಯುತ್ ಕೊಟ್ಟ ಕೂಡಲೇ ಒಳಗಿನದೇನೋ ಢಂ ಎಂದಿತು. ನಾನು ಎಲ್ಲಿ ಹೋದೆನೆಂದು ಹುಡುಕಿದರಂತೆ. ಮಂಚದ ಕೆಳಗಿದ್ದೆ.

ಆವರೆಗಿನ ಭಯಗಳೆಲ್ಲ ಇಂಥವು. ಹೇಳಿಕೊಂಡು ನಗಬಹುದಾದವು. ಮುಂದಿನದು ಹಾಗಲ್ಲ.

ಅಕ್ಕನ ಗಂಟಲಿನಲ್ಲಿ ಗಡ್ಡೆ ಕಾಣಿಸಿತು. ಎಲ್ಲ ಪರೀಕ್ಷೆ ಮುಗಿದ ಮೇಲೆ ಡಾಕ್ಟರು ನಮ್ಮ ಮೂವರನ್ನೂ ಕೂರಿಸಿಕೊಂಡು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗುತ್ತದೆ, ಇಲ್ಲದಿದ್ದರೆ ಜೀವಕ್ಕೆ ಅಪಾಯ, ಏನು ಮಾಡೋಣ ಎಂದು ಕೇಳಿದರು. ಬೇಕೋ, ಬೇಡವೋ? ಭಾವ ಬದುಕಿನುದ್ದಕ್ಕೂ ತಯಾರಾಗಿದ್ದ ಪ್ರಶ್ನೆ ಅದು. ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿದ್ದ ಗಾಜಿನ ಗುಂಡನ್ನು ಹಿಡಿದು ತಿರುಗಿಸುತ್ತ ಕೂತರು.

ಉತ್ತರ ಕೊಟ್ಟವಳು ಅಕ್ಕ. "ತಗೀರಿ ಡಾಕ್ಟ್ರ. ಬ್ಯಾಡಾದ್ದು ತಗದು ಹಾಕೋದು ನಮ್ಮನ್ಯಾಗ ರೂಢಿ ಐತಿ."

ಶಸ್ತ್ರಚಿಕಿತ್ಸೆ ಆಯಿತು. ಜೀವ ಉಳಿಯಿತು. ಅವಳ ಕುತ್ತಿಗೆಯ ಬುಡದಲ್ಲಿ ಒಂದು ರಂಧ್ರ ಬಂತು. ಇನ್ನು ಉಸಿರಾಟವೆಲ್ಲ ಅಲ್ಲಿಂದಲೇ. ಆ ರಂಧ್ರದಲ್ಲಿ ಒಂದು ನಳಿಕೆ, ಅದರೊಳಗೆ ತೆಗೆದು ತೊಳೆಯಬಹುದಾದ ಇನ್ನೊಂದು ಸಣ್ಣ ನಳಿಕೆ. ಆಸ್ಪತ್ರೆಯಿಂದ ಬಿಡುವ ದಿನ ನರ್ಸಮ್ಮ ಭಾವನಿಗೆ ಅದನ್ನು ತೆಗೆದು ಹಾಕುವುದನ್ನು ಕಲಿಸಿದರು. ಆಮೇಲೆ ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. "ಕಫ ಒಣಗಿ ಒಳನಳಿಕಿ ಕಟ್ಟಿಕೊಂಡ್ರ ಉಸಿರು ನಿಲ್ತೈತಿ. ಕೂಡ್ಲೇ ಎಳದು ತಗೀಬೇಕು. ಅವರ ಕೈ ನಡುಗತಾವು, ತಾವ ತಕ್ಕೊಳ್ಳಾಕ ಆಗಂಗಿಲ್ಲ. ಕೂಗಾಕೂ ಆಗಂಗಿಲ್ಲ. ನೆನಪಿರ್ಲಿ."

ಕೂಗಲು ಆಗುವುದಿಲ್ಲ. ಬೀದಿಯ ತಿರುವಿಗೆ ಕೇಳುತ್ತಿದ್ದ ದನಿ ಪಕ್ಕದ ಕೋಣೆಗೂ ಕೇಳುವುದಿಲ್ಲ. ಆ ದಿನದಿಂದ ಆ ಮನೆಯ ಸದ್ದಿಲ್ಲದ ಹೊತ್ತು ನನ್ನನ್ನು ಹಿಂಡತೊಡಗಿತು. ಮೆಟ್ಟಿಲ ಮೇಲೆ ನಿಂತು ಕಿವಿಗೊಡುತ್ತಿದ್ದೆ. ಒಳಗೆ ಶಾಂತವಾಗಿದೆ ಎಂದರೆ ಶಾಂತವಾಗಿದೆ ಎಂದೇ ಅರ್ಥವೇ? ಅಥವಾ?

ಮೊದಲು ಸ್ಲೇಟು ಕೊಟ್ಟೆವು. ಬಳಪ ಮುರಿಯುವ ರಭಸದಲ್ಲಿ ಬೈಗುಳ ಬರೆದಳು, ಆದರೆ ಸ್ಲೇಟು ಪಕ್ಕದ ಕೋಣೆಗೆ ಕೇಳಿಸದು. ಆಮೇಲೆ ದೇವರ ಮನೆಯ ಗಂಟೆ ಕೊಟ್ಟೆವು. ಅದನ್ನು ಅವಳು ಕಾಫಿಗೂ ಬಾರಿಸಿದಳು, ಫ್ಯಾನಿಗೂ ಬಾರಿಸಿದಳು. ಪ್ರತಿ ಸಲವೂ ಭಾವ ಸ್ಕ್ರೂ ಬಿಟ್ಟು ಓಡಿ ಬಂದು ಬಿಳುಚಿಕೊಂಡು ನಿಲ್ಲುತ್ತಿದ್ದರು. "ಗಂಟಿ ಎಲ್ಲಾದಕ್ಕೂ ಒಂದ ಮಾತಾಡ್ತೈತಲೇ," ಎಂದರು ನನ್ನೊಡನೆ. "ಸಾರು ಆರೈತಿ ಅಂತನೋ, ಸಾಯಾಕ್ಹತ್ತೀನಿ ಅಂತನೋ, ಹೆಂಗ ತಿಳೀಬೇಕು?"

ನಾನು ಧೈರ್ಯ ಮಾಡಿ ಹೇಳಿದೆ. "ಮೊಬೈಲ್ನಾಗ ಬರದ್ರ ಓದಿ ಹೇಳ್ತೈತಲ್ರಿ ಭಾವ."

ಅವರು ನನ್ನತ್ತ ನೋಡಿದ ನೋಟಕ್ಕೆ ನಾನು ಒಂದು ಹೆಜ್ಜೆ ಹಿಂದೆ ಸರಿದೆ. "ನಿಮ್ಮಕ್ಕಗ ಉಸಿರು ಸಿಕ್ಕಾಗ ಅದು 'ಹೊಸಾ ಅಪ್ಡೇಟ್ ಬಂದೈತಿ, ಹಾಕ್ಲಾ?' ಅಂತ ಕೇಳಿದ್ರ ಏನು ಮಾಡ್ತಿ? ಜಾಹೀರಾತು ಬಂದ್ರ? ಸಾಲಾ ಬೇಕೇನು ಅಂತ ಯಾವನಾರ ಫೋನು ಹಚ್ಚಿದ್ರ? ಒಂದ ಕೆಲಸಾ ಮಾಡೋದು ಬೇಕಲೇ. ಅಕಿ ಅಂದಿದ್ದು ಹೇಳಬೇಕು. ಬ್ಯಾರೆ ಏನೂ ಬ್ಯಾಡ."

ಹುಚ್ಚರ ಮಾತಿನಲ್ಲಿ ನ್ಯಾಯ ಕಂಡಾಗಲೇ ಹೆಚ್ಚು ಭಯವಾಗುವುದು.

ಅಂಥ ಯಂತ್ರ ಹುಡುಕಿಕೊಂಡು ಸಿರುಗುಪ್ಪಕ್ಕೆ ಹೋದೆವು. ಅಲ್ಲೊಂದು ಅಕ್ಕಿ ಗಿರಣಿಯಲ್ಲಿ ಲಾರಿ ತೂಗುವ ಕಟ್ಟೆಗೆ ಜೋಡಿಸಿದ್ದ ಹಳೆಯ ಸಣ್ಣ ಕಂಪ್ಯೂಟರನ್ನು ಕಳಚಿಟ್ಟಿದ್ದಾರೆಂದು ಭಾವನಿಗೆ ಸುದ್ದಿ ಬಂದಿತ್ತು. ಊಟದ ಡಬ್ಬಿಗಿಂತ ತುಸು ದೊಡ್ಡದು. ಮೈತುಂಬ ತೌಡು. ಗಿರಣಿಯ ಸಾಹುಕಾರರು ಗಡಿಯಾಚೆಯ ಕಡೆಯವರು, ಮಾತಿನಲ್ಲಿ ತೆಲುಗು ಬೆರೆಯುತ್ತಿತ್ತು.

"ಅಯ್ಯೋ ಸಾರೂ, ಇದು ಯಾಕ್ರಿ? ಲಾರಿ ಹತ್ತಿಸಿದ್ರ ನಿನ್ನಿ ಲಾರಿ ತೂಕ ತೋರಸ್ತೈತಿ!"

ಭಾವ ಅದನ್ನು ಕೂಸಿನಂತೆ ಎತ್ತಿ ತಿರುಗಿಸಿ ನೋಡಿದರು. "ಫ್ಯಾನ್ ಇಲ್ಲ. ಒಳಗ ತಿರುಗೋದು ಏನೂ ಇಲ್ಲ. ಇಷ್ಟು ವರ್ಷ ಈ ಧೂಳಿನಾಗ ಬದುಕೈತಿ, ಸತ್ತಿಲ್ಲ."

"ಏನು ಮಾಡ್ತೀರಿ ಇದ್ರಾಗ?"

"ನನ್ನ ಹೆಂಡ್ತಿ ಮಾತಾಡ್ತಾಳ್ರಿ."

ಸಾಹುಕಾರರು ನನ್ನ ಮುಖ ನೋಡಿದರು. ನಾನು ಭತ್ತದ ರಾಶಿ ನೋಡಿದೆ.

"ತೀಸ್ಕೋಂಡಿ ಸಾರೂ, ಹಂಗ ಒಯ್ಯಿರಿ," ಎಂದರು ಅವರು ಕೈ ಮುಗಿದು. "ಹೆಂಡ್ತಿ ಸುಮ್ಕಾಗೋ ಮಿಷನ್ನು ಸಿಕ್ರ ನನಗೂ ಹೇಳ್ರಿ."

ಇಂಥ ಮಾತಿಗೆ ಗಂಡಸರು ನಗಬೇಕೆಂಬುದು ವಾಡಿಕೆ. ಭಾವ ನಗಲಿಲ್ಲ. ಡಬ್ಬಿಯ ಮೇಲಿನ ತೌಡನ್ನು ಪಂಚೆಯ ಅಂಚಿನಿಂದ ಒರೆಸುತ್ತ ನಿಂತರು. ಸಾಹುಕಾರರಿಗೆ ಏನು ತಿಳಿಯಿತೋ, ಒಳಗೆ ಹೋಗಿ ನಮಗೆ ಮಜ್ಜಿಗೆ ತಾವೇ ತಂದರು.

ಇನ್ನು ಕರ್ನೆಲ್ ಕಟ್ಟುವ ಕೆಲಸ. ಭಾವ ಇನ್ನೊಂದು ಹಳೆಯ ಯಂತ್ರದ ಮುಂದೆ ಕೂತು ಪ್ರಶ್ನೆಗಳಿಗೆ ಉತ್ತರಿಸತೊಡಗಿದರು. ಬ್ಯಾಡ. ಬ್ಯಾಡ. ಬ್ಯಾಡ. ಹೊರಗೆ ಸೊಪ್ಪಿನವಳು ಬಂದು "ಮೆಂತ್ಯ ಬೇಕೇನ್ರೀ?" ಎಂದು ಕೇಳಿದರೂ ಅದೇ ಉತ್ತರ. ಅವಳು ಆಮೇಲೆ ಆ ಮನೆ ಮುಂದೆ ನಿಲ್ಲುವುದನ್ನೇ ಬಿಟ್ಟಳು. ಉತ್ತರವೆಲ್ಲ ಮುಗಿದ ಮೇಲೆ ಅದನ್ನು ಬೇಯಲು ಇಟ್ಟ ಹಾಗೆ ಬಿಡಬೇಕು. ನಡುವೆ ಕರೆಂಟು ತಪ್ಪೀತೆಂದು ಅಷ್ಟು ಹೊತ್ತೂ ಮನೆಯಲ್ಲಿ ಮಿಕ್ಸಿ ಇಲ್ಲ, ಇಸ್ತ್ರಿ ಇಲ್ಲ. ಅಕ್ಕ ಸ್ಲೇಟಿನ ಮೇಲೆ "ನಾನು ಉಸಿರಾಡಬಹುದಾ?" ಎಂದು ಬರೆದು ನನಗೆ ತೋರಿಸಿದಳು.

ಕೊನೆಗೆ ಅದನ್ನು ಸಿರುಗುಪ್ಪದ ಡಬ್ಬಿಗೆ ಹಾಕಿ ಗುಂಡಿ ಒತ್ತಿದರು. ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರನೆ ಓಡಿದವು, ಥಟ್ಟನೆ ನಿಂತವು. ಕೊನೆಯ ಸಾಲನ್ನು ಭಾವ ಓದಿ ಹೇಳಿದರು. ಯಂತ್ರಕ್ಕೆ ಗಾಬರಿಯಾಗಿದೆಯಂತೆ! ಹಾಗೆಂದು ಅದೇ ಬರೆದಿತ್ತು. ಕಬ್ಬಿಣದ ಡಬ್ಬಿಯೇ ಗಾಬರಿ ಎಂದು ಬರೆದುಕೊಂಡರೆ ನನ್ನಂಥವನು ಏನು ಮಾಡಬೇಕು? ಚಪ್ಪಲಿ ಹುಡುಕಿದೆ.

ಭಾವ ಮಾತ್ರ ಹಣೆ ಹಣೆ ಚಚ್ಚಿಕೊಂಡರು. "ಡಿಸ್ಕು ಓದೋದನ್ನ ಮಾಡ್ಯೂಲ್ ಮಾಡೀನಲೇ. ಆ ಮಾಡ್ಯೂಲ್ ಇರೋದು ಡಿಸ್ಕಿನಾಗ! ಬೀಗದ ಕೈ ಟ್ರಂಕಿನಾಗಿಟ್ಟು ಟ್ರಂಕಿಗೆ ಬೀಗ ಜಡದಂಗಾತು." ಅಕ್ಕ ಸದ್ದಿಲ್ಲದೆ ನಕ್ಕಳು. ಹೆಗಲು ಕುಲುಕಿದ್ದರಿಂದ ನಕ್ಕಳೆಂದು ತಿಳಿಯಿತು. ಭಾವ ನೋಡಲಿಲ್ಲ. ಅವರು ಪರದೆ ನೋಡುತ್ತಿದ್ದರು.

ತಪ್ಪು ತಿದ್ದಿದ ಮೇಲೆ ಡಬ್ಬಿ ಮಾತಾಡಿತು. ಅಕ್ಕ ಕೀಲಿಗಳನ್ನು ಒತ್ತಿ ಬರೆದದ್ದನ್ನು ಅದು ಗಟ್ಟಿಯಾಗಿ ಓದುತ್ತಿತ್ತು. ಅದರದು ಗಂಡು ದನಿ. ಬಸ್ ನಿಲ್ದಾಣದಲ್ಲಿ "ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೊರಡುವ ವಾಹನ" ಎನ್ನುತ್ತದಲ್ಲ, ಅಂಥದು. ಅದರಲ್ಲಿ ಅಕ್ಕನ ಮಾತು ಕೇಳುವುದೆಂದರೆ! "ಲೇ. ತಮ್ಮ. ನಿನ್ನ. ಅಂಗಿ. ಗುಂಡಿ. ಹರದೈತಿ. ನಿನ್ನ. ಹೆಂಡ್ತಿ. ಏನು. ಮಾಡತಾಳ." ಹಾಲಿನವನು ಮೊದಲ ಸಲ "ನೀರು. ಕಡಿಮಿ. ಹಾಕಲೇ." ಎಂಬುದನ್ನು ಕೇಳಿ, ಒಳಗೆ ಯಾರೋ ಸಾಹೇಬರು ಬಂದಿದ್ದಾರೆಂದು ಕ್ಯಾನು ಬಿಟ್ಟು ಓಡಿದ. ಆ ವಾರ ಬೀದಿಯವರಿಗೆಲ್ಲ ಗಟ್ಟಿ ಹಾಲು.

ಪಕ್ಕದಲ್ಲಿ ಒಂದು ದೊಡ್ಡ ಕೆಂಪು ಕೀಲಿ ಇತ್ತು. ಅದೊಂದನ್ನು ಒತ್ತಿದರೆ ಸಾಕು, ಡಬ್ಬಿ ಎಷ್ಟು ಗಟ್ಟಿಯಾಗಿ ಸಾಧ್ಯವೋ ಅಷ್ಟು ಗಟ್ಟಿಯಾಗಿ "ಬರ್ರಿ! ಉಸಿರು!" ಎನ್ನುತ್ತಿತ್ತು. ಎರಡು ಸಲ ಹಾಗೆ ಕೂಗಿತು. ಎರಡು ಸಲವೂ ಭಾವ ಓಡಿದರು, ನಳಿಕೆ ತೆಗೆದರು, ಅಕ್ಕ ಉಳಿದಳು. ಆಮೇಲೆ ಒಂದು ಬೆಳಿಗ್ಗೆ ನೋಡುತ್ತೇನೆ, ಮಂಚದ ಬಳಿಯ ಗಂಟೆ ಇರಲಿಲ್ಲ. ದೇವರ ಮನೆಗೆ ವಾಪಸು ಹೋಗಿತ್ತು.

"ಡಬ್ಬಿ ಐತಲ್ಲ. ಎರಡೆರಡು ಯಾಕ? ಬ್ಯಾಡ," ಎಂದರು ಭಾವ.

ಅವರಿಗೆ ಉಳಿದಿದ್ದ ಚಿಂತೆ ಒಂದೇ. ಕರೆಂಟು ಹೋಗಿ ಬ್ಯಾಟರಿಗೆ ಬದಲಾಗುವ ಕ್ಷಣದಲ್ಲಿ ಡಬ್ಬಿ ಒಮ್ಮೆ ಸತ್ತು ಮತ್ತೆ ಹುಟ್ಟುತ್ತಿತ್ತು. ಹುಟ್ಟಿ ಮಾತಾಡುವಷ್ಟರಲ್ಲಿ ಲೋಟದ ಚಹಾ ತುಸು ಆರುತ್ತಿತ್ತು. ಅಷ್ಟು ಹೊತ್ತು ಅಕ್ಕನಿಗೆ ದನಿಯಿಲ್ಲ. ಆ ಹೊತ್ತಿನಲ್ಲೇ ಉಸಿರು ಕಟ್ಟಿದರೆ? ಭಾವ ಈ ಪ್ರಶ್ನೆಯನ್ನು ನನಗೂ ಅಂಟಿಸಿದರು. ಕುರುಗೋಡಿನಲ್ಲಿ ಪಾಠ ಮಾಡುವಾಗ ಫ್ಯಾನು ನಿಂತರೆ ನನ್ನ ಉಸಿರೂ ನಿಲ್ಲುತ್ತಿತ್ತು. ಅವರು ದಿನವೂ ಕರ್ನೆಲನ್ನು ಸವರುತ್ತ ಹೋದರು. ಇದು ಬ್ಯಾಡ, ಅದು ಬ್ಯಾಡ. ಚಹಾ ಆರುವ ಹೊತ್ತು ಒಗ್ಗರಣೆಯ ಸಾಸಿವೆ ಸಿಡಿಯುವ ಹೊತ್ತಿಗೆ ಇಳಿಯಿತು. ಅಲ್ಲಿಗೆ ನಿಲ್ಲಿಸಬಹುದಾಗಿತ್ತು.

ಅದೊಂದು ಭಾನುವಾರ ಮಧ್ಯಾಹ್ನ. ಬಿಸಿಲಿಗೆ ಬೀದಿಯಲ್ಲಿ ನಾಯಿಯೂ ಇರಲಿಲ್ಲ. ನಾನು ಹೋದಾಗ ಅಕ್ಕ ನಡುಮನೆಯ ಮಂಚದ ಮೇಲೆ ನಿದ್ದೆ ಹೋಗಿದ್ದಳು. ಭಾವ ಬೆರಳು ತುಟಿಗಿಟ್ಟು ನನ್ನನ್ನು ಮುಂದಿನ ಕೋಣೆಗೆ ಕರೆದರು. ಹೊಸ ಕರ್ನೆಲ್ ಆಗಲೇ ಹಾಕಿ ಮುಗಿಸಿದ್ದರು. ಡಬ್ಬಿ ಪ್ರತಿ ಸಲ ಶುರುವಾದಾಗಲೂ "ಸಿದ್ಧ!" ಎಂದು ಕೂಗುವುದರಿಂದ ಅಕ್ಕನಿಗೆ ಎಚ್ಚರವಾಗದಿರಲೆಂದು ಸ್ಪೀಕರಿನ ತಂತಿ ಕಿತ್ತು, ಪರದೆಯ ಮೇಲೆ ಅಕ್ಷರ ಬರುವುದನ್ನಷ್ಟೇ ನೋಡಿ, ಆಮೇಲೆ ತಂತಿಯನ್ನು ಮೊದಲಿನಂತೆ ಸಿಕ್ಕಿಸಿದ್ದರು. "ಕಣ್ಣು ಮಿಟಕಿಸೂದ್ರಾಗ ಏಳ್ತೈತಲೇ! ಮಿಟಕಿಸೂದ್ರಾಗ!" ಎಂದು ಪಿಸುಗುಟ್ಟಿದರು. ನಿವೃತ್ತಿಯ ದಿನ ಹಾರ ಹಾಕಿದಾಗಲೂ ಅವರ ಮುಖದಲ್ಲಿ ಅಷ್ಟು ಬೆಳಕು ಕಂಡಿರಲಿಲ್ಲ. ಇಬ್ಬರೂ ಚಹಾ ಕುಡಿಯುತ್ತ ಕೂತೆವು. ಅವರು ಯಾವುದನ್ನು ತೆಗೆದೆ, ಯಾವುದನ್ನು ಹೊರಗೆ ಕೂರಿಸಿದೆ ಎಂದು ವಿವರಿಸುತ್ತಿದ್ದರು. ಶಬ್ದ ಹೊರಡಿಸುವ ಭಾಗವನ್ನೂ ಮಾಡ್ಯೂಲು ಮಾಡಿದ್ದರಂತೆ. ನಾನು ತಲೆಯಾಡಿಸುತ್ತಿದ್ದೆ. ಮನೆ ಶಾಂತವಾಗಿತ್ತು.

ಖಾಲಿ ಲೋಟ ಒಳಗಿಡಲು ಎದ್ದೆ. ಅದಕ್ಕೆ ಬೇರೆ ಕಾರಣವಿರಲಿಲ್ಲ. ನಡುಮನೆಯ ಬಾಗಿಲಿಗೆ ಬಂದಾಗ ಮೊದಲು ಕಂಡದ್ದು ಪರದೆ. ಅದರ ಮೇಲೆ "ಬರ್ರಿ ಉಸಿರು" ಎಂದಿತ್ತು. ಅದರ ಕೆಳಗೆ ಮತ್ತೆ "ಬರ್ರಿ ಉಸಿರು". ಅದರ ಕೆಳಗೆ ಮತ್ತೆ. ಮೇಲಿನಿಂದ ಕೆಳಗಿನವರೆಗೆ ಅದೇ, ಇನ್ನೂ ಒಂದೊಂದೇ ಸಾಲು ಸೇರುತ್ತಿತ್ತು. ಸದ್ದು ಮಾತ್ರ ಇಲ್ಲ. ಆಮೇಲೆ ಕೆಂಪು ಕೀಲಿಯ ಮೇಲಿನ ಕೈ ಕಂಡಿತು. ಕೈ ಒತ್ತುತ್ತಿತ್ತು, ಬಿಡುತ್ತಿತ್ತು, ಒತ್ತುತ್ತಿತ್ತು. ಅಕ್ಕನ ಮುಖವನ್ನು ನಾನು ಕೊನೆಗೆ ನೋಡಿದೆ. ಅದರ ಬಣ್ಣವನ್ನು ಇಲ್ಲಿ ಬರೆಯುವುದಿಲ್ಲ. ಕಣ್ಣು ನನ್ನನ್ನೇ ನೋಡುತ್ತಿತ್ತು.

ನಾನು ಕೂಗಿದೆನೋ, ಲೋಟ ಬಿದ್ದ ಸದ್ದೇ ಕೂಗಿನಂತೆ ಕೇಳಿತೋ, ಗೊತ್ತಿಲ್ಲ. ಭಾವ ನನ್ನನ್ನು ತಳ್ಳಿ ಒಳಗೆ ಹೋದದ್ದು ಗೊತ್ತು. ಅವರ ಕೈ ಒಂದಿಷ್ಟೂ ನಡುಗಲಿಲ್ಲ. ಅಕ್ಕನ ಗದ್ದ ಎತ್ತಿದರು, ಒಳನಳಿಕೆಯನ್ನು ತಿರುಗಿಸಿ ಎಳೆದರು. ಅಕ್ಕನ ಮೈ ಒಮ್ಮೆ ಅದುರಿತು. ಆಮೇಲೆ ಆ ರಂಧ್ರದಿಂದ ಗಾಳಿ ಒಳಗೆ ಹೋದ ಸದ್ದು ಬಂತು. ಒರಟಾದ, ಸೀಟಿಯಂಥ ಸದ್ದು. ನಾನು ಅಷ್ಟು ಚೆಂದದ ಸದ್ದು ಕೇಳಿಲ್ಲ.

ಭಾವ ನೆಲದ ಮೇಲೆ ಕೂತಿದ್ದರು, ಮುಷ್ಟಿಯಲ್ಲಿ ಆ ಸಣ್ಣ ನಳಿಕೆ. ಅವರಿಗೆ ಆಗಲೇ ತಿಳಿದಿತ್ತು. ಡಬ್ಬಿ ಎಷ್ಟು ಬೇಗ ಎದ್ದಿತ್ತೆಂದರೆ, ಮಾತಾಡುವ ಪ್ರೋಗ್ರಾಮು ಬಂದು ನಿಂತಾಗ ಶಬ್ದದ ಮಾಡ್ಯೂಲು ಇನ್ನೂ ಹೊರಗೆ ಜಗುಲಿಯ ಮೇಲೆ ಕೂತಿತ್ತು. ಗಂಟಲು ಸಿಗದ ಪ್ರೋಗ್ರಾಮು ಮರ್ಯಾದೆಯಿಂದ ಸುಮ್ಮನಿತ್ತು. ಯಾವ ಗಾಬರಿಯನ್ನೂ ಅದು ಈ ಸಲ ಬರೆಯಲಿಲ್ಲ.

ಅಕ್ಕ ನಿಧಾನವಾಗಿ ಕೀಲಿಗಳ ಕಡೆ ಕೈ ಚಾಚಿದಳು. ದನಿಯಿಲ್ಲದ ಪರದೆಯ ಮೇಲೆ ಅಕ್ಷರ ಮೂಡಿತು. "ಇಬ್ರೂ ಕಿವ್ಯಾಗ ಅರಳಿ ಇಟ್ಕೊಂಡಿದ್ರೇನು?"

ನಾನು ನಕ್ಕೆ. ನಗುವಾಗ ಹಲ್ಲು ಕಟಕಟ ಎಂದವು. ಭಾವ ಪರದೆಯ ಕಡೆ ತಿರುಗಲೇ ಇಲ್ಲ.

ಅಂದು ಸಂಜೆಯೇ ಅವರು ಹಳೆಯ ಕರ್ನೆಲ್ ಮರಳಿ ಹಾಕಿದರು. ಚಹಾ ಆರುವ ಹೊತ್ತಿನದು. ಶಬ್ದ ಒಳಗೇ ಇರುವಂಥದು. ಗಂಟೆ ಮತ್ತೆ ಮಂಚದ ಕಾಲಿಗೆ ಬಂತು, ಈ ಸಲ ಹಗ್ಗ ಕಟ್ಟಿಸಿಕೊಂಡು. ಆಮೇಲೆ ಅವರು ಆ ಪ್ರಶ್ನೆಗಳ ಮುಂದೆ ಕೂರಲಿಲ್ಲ. ಸತ್ತ ಕಂಪ್ಯೂಟರುಗಳು ಮೂಲೆಯಲ್ಲಿ ಸತ್ತೇ ಇದ್ದವು. ನನಗೆ ಇದು ಇನ್ನೂ ಹೆದರಿಕೆ ತಂದಿತು. ಹುಚ್ಚು ಬಿಟ್ಟ ಮನುಷ್ಯನ ಕೈಯಲ್ಲಿ ಏನು ಉಳಿಯುತ್ತದೆ? ಶಾಲೆ ಬಿಟ್ಟ ಕೂಡಲೇ ಬಸ್ಸು ಹಿಡಿದು ಬಂದು ಮೆಟ್ಟಿಲ ಮೇಲೆ ಕಿವಿಗೊಟ್ಟು ನಿಲ್ಲುತ್ತಿದ್ದೆ.

ಒಂದು ರಜೆಯ ಮಧ್ಯಾಹ್ನ ಹಾಗೆ ನಿಂತಾಗ ಒಳಗೆ ಸಣ್ಣ ಸದ್ದೂ ಇರಲಿಲ್ಲ. ಡಬ್ಬಿಯ ಸ್ಪೀಕರು ಗುಯ್ ಎನ್ನುವ ಸದ್ದು ಸಹ. ಬಾಗಿಲು ದೂಡಿ ಒಳಗೆ ಹೋದೆ.

ಮಂಚದ ಮೇಲೆ ಇಬ್ಬರೂ ಎದುರುಬದುರು ಕೂತಿದ್ದರು. ಡಬ್ಬಿಯನ್ನು ಆರಿಸಿಟ್ಟಿದ್ದರು. ಕರೆಂಟು ಹೋಗಿರಲಿಲ್ಲ, ಫ್ಯಾನು ತಿರುಗುತ್ತಿತ್ತು. ಭಾವ ಸಣ್ಣ ಸ್ಕ್ರೂ ನೋಡುವ ಕನ್ನಡಕ ಏರಿಸಿ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು ಅಕ್ಕನ ತುಟಿಯನ್ನೇ ನೋಡುತ್ತಿದ್ದರು. ಅಕ್ಕ ತುಟಿಗಳನ್ನು ನಿಧಾನವಾಗಿ ಆಡಿಸಿದಳು.

"ತಮ್ಮ... ಬಂದಾನ," ಎಂದರು ಭಾವ, ನನ್ನತ್ತ ತಿರುಗದೆ. "ಚಾ... ಚಾ ಕೊಡ್ರಿ."

ಅಕ್ಕ ತಲೆಯಲ್ಲಾಡಿಸಿದಳು. ಮತ್ತೆ ಹೇಳಿದಳು.

"ಚಾ ಕೊಡಬ್ಯಾಡ್ರಿ. ಹೌದಾ?" ಅವಳು ಹೌದೆಂದಳು. ಭಾವ ನನಗೆ ವಿವರಿಸಿದರು. "ಪ, ಬ, ಮ, ಮೂರಕ್ಕೂ ಒಂದ ಥರಾ ತುಟಿ ಮುಚ್ತಾಳಲೇ. ಅಲ್ಲೇ ತಪ್ಪತೈತಿ. ಉಳಿದದ್ದು ಬರಾಕ್ಹತ್ತೈತಿ."

"ಡಬ್ಬಿ ಯಾಕ ಆರಸೀರಿ ಭಾವ?"

"ಅದು ಇದ್ರ ನಾನು ಅದನ್ನ ನೋಡ್ತೀನಿ," ಎಂದರು.

ಆಗ ಅಕ್ಕ ಅವರ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಏನೋ ಹೇಳಿದಳು. ಉದ್ದದ ಮಾತು. ಭಾವ ಕಣ್ಣು ಕಿರಿದು ಮಾಡಿ ಕೊನೆಯವರೆಗೂ ನೋಡಿದರು. ಒಂದು ಸಲವೂ ತಡೆಯಲಿಲ್ಲ, ಯಾವ ಅಕ್ಷರವನ್ನೂ ಕೇಳಲಿಲ್ಲ. ಅವರ ಕಿವಿಯ ತುದಿ ಕೆಂಪಾಯಿತು. ಕನ್ನಡಕ ತೆಗೆದು ಪಂಚೆಯಿಂದ ಒರೆಸಿದರು, ಮತ್ತೆ ಹಾಕಿಕೊಂಡರು.

"ಏನಂದ್ಲ್ರಿ?" ಎಂದೆ.

"ನಿನಗ ಅಲ್ಲಲೇ ಅದು."

ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಒಳಗಿನಿಂದ ಮಾತಿಲ್ಲ. ನಡುನಡುವೆ ಭಾವ ಒಬ್ಬರೇ ನಗುವುದು ಕೇಳುತ್ತಿತ್ತು.